ಅರೆಹೊಟ್ಟೆಯ ಕಾರು

ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದ ಕಾರು ಬೆಳಿಗ್ಗೆ ಅರೆಹೊಟ್ಟೆಯಲ್ಲಿ ನಿಂತಿತ್ತು.

ಪುಟ್ಟಿ ಸ್ಟಿಯರಿಂಗ್ ಹಿಂದೆ ಕುಳಿತು ಪರದೆಯನ್ನೇ ದಿಟ್ಟಿಸಿದಳು. ಬ್ಯಾಟರಿಯ ಚಿತ್ರ ಅರ್ಧಕ್ಕಿಂತ ತುಸು ಮೇಲೆ ಹಸಿರಾಗಿತ್ತು. ಉಳಿದದ್ದು ಖಾಲಿ. ನಿನ್ನೆಯೂ ಹೀಗೇ ಆಗಿತ್ತು. ಮೊನ್ನೆಯೂ.

ಅವಳು ಫಿಸಿಯೋಥೆರಪಿಸ್ಟ್. ಬಿದ್ದು ಕಾಲು ಮುರಿದುಕೊಂಡವರನ್ನು, ಪಾರ್ಶ್ವವಾಯು ಬಡಿದವರನ್ನು ಮನೆಮನೆಗೆ ಹೋಗಿ ಎಬ್ಬಿಸಿ ನಡೆಸುವುದು ಅವಳ ಕೆಲಸ. ಊರಾಚೆಯ ಮನೆಗಳಿಗೆ ಹೋಗಿ ಬರಬೇಕಾದರೆ ಬ್ಯಾಟರಿ ತುಂಬಿರಲೇಬೇಕು. ಫೋನ್ ತೆಗೆದು, "ಇವತ್ತು ಬರೋಕಾಗಲ್ಲ, ನಾಳೆ ಖಂಡಿತ" ಎಂದು ಒಬ್ಬ ಅಜ್ಜನಿಗೆ ಹೇಳಿ ಇಟ್ಟಳು. ಅಜ್ಜ "ಆಯ್ತಮ್ಮ" ಎಂದದ್ದು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಅಣ್ಣ ಹೊರಗೆ ಬಂದ.

"ಮತ್ತೆ ಕದ್ದನಾ?"

"ಯಾರು?"

"ಇನ್ಯಾರು? ಮೇಲಿನವನು."

ಮೇಲಿನವನೆಂದರೆ ಮಹಡಿಯಲ್ಲಿ ಬಾಡಿಗೆಗಿದ್ದವನು. ಬ್ರೆಡ್ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದ. ಹಾಗಾಗಿ ಮನೆಯವರ ಬಾಯಲ್ಲಿ ಅವನು ಬ್ರೆಡ್ಡಿನವನು. ಕಳೆದ ತಿಂಗಳು ಆಳೆತ್ತರದ ಹೊಸ ಕರೆಂಟ್ ಓವನ್ ತರಿಸಿದ್ದ. ನಾಲ್ಕು ಜನ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿಸಿದ್ದರು. ಕಾರು ಅರೆಹೊಟ್ಟೆ ಉಣ್ಣತೊಡಗಿದ್ದು ಆ ವಾರದಿಂದಲೇ. ಸಾಲದ್ದಕ್ಕೆ, ಮೀಟರಿನಿಂದ ಕಾರಿನ ಶೆಡ್ಡಿಗೆ ಎಳೆದ ವೈರು ಹಾದು ಬರುತ್ತಿದ್ದದ್ದು ಅವನ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ.

"ಇವತ್ತು ಸಂಜೆ ಹೇಳೇಬಿಡ್ತೀನಿ," ಅಮ್ಮ ಬಾಗಿಲಲ್ಲಿ ನಿಂತು ಹೇಳಿದಳು. "ಮನೆ ಖಾಲಿ ಮಾಡಪ್ಪ ಅಂತ. ಸಭ್ಯ ಅಂದ್ಕೊಂಡಿದ್ದೆ. ಮುಖ ನೋಡಿ ಮಣೆ ಹಾಕಿದ್ದು ನನ್ನದೇ ತಪ್ಪು."

"ಅಮ್ಮಾ, ಓವನ್ ಅಂದ್ರೆ ಯಾರೂ ಮನೆ ಕೊಡಲ್ಲ. ಎಷ್ಟು ಕಡೆ ಅಲೆದು ಇಲ್ಲಿಗೆ ಬಂದಿದಾರೆ ಅವರು. ಸಾಕ್ಷಿ ಇಲ್ದೆ ಹೊರಗೆ ಹಾಕ್ತೀಯಾ?"

"ಸಾಕ್ಷಿ ನಾನೇ ಕಂಡಿದೀನಲ್ಲ!" ಅಣ್ಣ ನೊರೆ ಉಗುಳಿ ಬಂದ. "ಮೊನ್ನೆ ನಿನ್ನ ಫೋನಲ್ಲಿ ಚಾರ್ಜು ನಿಧಾನ ಅಂತ ತೋರಿಸ್ತು. ನಾನು ಎದ್ದು ಶೆಡ್ಡಿಗೆ ಹೋದೆ. ಸ್ವಲ್ಪ ಹೊತ್ತು ನಿಂತೆ. ಏನಾಯ್ತು?"

"ವೇಗ ಬಂತು," ಪುಟ್ಟಿ ಒಪ್ಪಿಕೊಂಡಳು.

"ಅದರ ಹಿಂದಿನ ದಿನ ನೀನು ಹೋದೆ. ಏನಾಯ್ತು?"

"ಆಗಲೂ ಬಂತು."

"ಎಲೆಕ್ಟ್ರಿಷಿಯನ್ ಬಂದಾಗ?"

"ಬಂತಪ್ಪ, ಬಂತು."

"ನೋಡು! ನಾವು ಶೆಡ್ಡಿಗೆ ಹೋದಾಗಲೆಲ್ಲ ಸರಿಹೋಗುತ್ತೆ. ಬೆನ್ನು ತಿರುಗಿಸಿದ್ರೆ ಮತ್ತೆ ಅದೇ ಕಥೆ. ಅಂದ್ರೆ ಯಾರೋ ಮೇಲಿಂದ ನಮ್ಮನ್ನ ನೋಡ್ತಿದಾರೆ. ನೋಡಿದ ತಕ್ಷಣ ವೈರ್ ಕಿತ್ತು ಇಡ್ತಾರೆ. ಅವನ ಕಿಟಕಿ ಯಾವ ಕಡೆ ಇದೆ?"

ಕಿಟಕಿ ಶೆಡ್ಡಿನ ಕಡೆಗೇ ಇತ್ತು. ಪುಟ್ಟಿ ಕಾರಿನಿಂದಿಳಿದು ಬಾಗಿಲು ಹಾಕಿದಳು.

"ಅತ್ತಿಗೆ ಬರಲಿ," ಎಂದಷ್ಟೇ ಹೇಳಿದಳು. "ಅಲ್ಲಿವರೆಗೆ ಯಾರೂ ಮೇಲೆ ಹೋಗಿ ಏನೂ ಹೇಳಕೂಡದು."

ಅತ್ತಿಗೆ ವಿಮಾ ಕಂಪನಿಗಳಿಗೆ ಸರ್ವೇಯರ್. ಎಲ್ಲಾದರೂ ಗೋದಾಮು ಸುಟ್ಟರೆ, ಕಾರ್ಖಾನೆಯಲ್ಲಿ ಬೆಂಕಿ ಬಿದ್ದರೆ, ಬೂದಿ ಕೆದಕಿ ಕಿಡಿ ಹುಟ್ಟಿದ ಜಾಗವನ್ನು ತೋರಿಸುವುದು ಅವಳ ಉದ್ಯೋಗ. ಸುಟ್ಟ ಹತ್ತಿಯ ಗೋದಾಮೊಂದನ್ನು ನೋಡಿಕೊಂಡು ಅವಳು ಮಧ್ಯಾಹ್ನ ಮನೆಗೆ ಬಂದಾಗ ಬೂಟಿನ ಅಂಚಿನಲ್ಲಿ ಇನ್ನೂ ಮಸಿ ಇತ್ತು. ಪುಟ್ಟಿ ಬಾಗಿಲಲ್ಲೇ ಎಲ್ಲವನ್ನೂ ಒದರಿದಳು.

ಅತ್ತಿಗೆ ಬೂಟು ಬಿಚ್ಚುತ್ತ ಕೇಳಿದಳು: "ಬೇರೆ ಕಡೆ ಚಾರ್ಜ್ ಮಾಡಿದ್ರೆ?"

"ಸರ್ವೀಸಿನವರ ಹತ್ರ ಮಾಡಿಸಿದೆ. ಗಂಟಲವರೆಗೂ ತುಂಬ್ತು. ಬ್ಯಾಟರಿಯಲ್ಲಿ ದೋಷ ಇಲ್ಲ ಅಂದ್ರು."

"ಕಾರು ಬಚಾವು. ಎಲೆಕ್ಟ್ರಿಷಿಯನ್ ಏನಂದ?"

"ವೈರು ದಪ್ಪ ಇದೆ, ಜೋಡಣೆ ಬಿಗಿ ಇದೆ ಅಂದ. ಅವನೆದುರಿಗೆ ಪೂರ್ತಿ ವೇಗದಲ್ಲೇ ಓಡ್ತಿತ್ತು. 'ಅಕ್ಕಾ, ನಿಮ್ಮ ಕಾರಿಗೆ ನಾಚಿಕೆ, ಜನ ಇದ್ರೇನೇ ಊಟ ಮಾಡುತ್ತೆ' ಅಂತ ನಕ್ಕು ಹೋದ."

ಅತ್ತಿಗೆ ನಗಲಿಲ್ಲ. "ನಾಚಿಕೆ ಇದ್ದವರು ಜನರೆದುರು ಕಡಿಮೆ ತಾನೇ ಉಣ್ಣೋದು?" ಎಂದು ತನಗೆ ತಾನೇ ಹೇಳಿಕೊಂಡಳು.

ನಡುಮನೆಗೆ ಬಂದು ಕುಳಿತಳು. ಅಮ್ಮ ನೀರು ತಂದಿಟ್ಟಳು. ಆ ಮನೆಯ ನಡುಮನೆಯಲ್ಲಿ ಎಲ್ಲ ವಸ್ತುಗಳಿಗೂ ಬಟ್ಟೆ ತೊಡಿಸಲಾಗಿತ್ತು. ಟೀವಿಗೆ ಗವಸು, ರಿಮೋಟಿಗೆ ಗವಸು, ಮಿಕ್ಸಿಗೆ ಹೂವಿನ ಗವಸು, ಹೊಲಿಗೆ ಯಂತ್ರಕ್ಕೆ ಅದೇ ಯಂತ್ರದಲ್ಲಿ ಹೊಲಿದ ಗವಸು. "ಈ ಮನೇಲಿ ಬೆತ್ತಲೆ ಇರೋದು ಫ್ಯಾನ್ ಒಂದೇ" ಎಂದು ಅಣ್ಣ ನೆಂಟರೆದುರು ಹೇಳುವುದಿತ್ತು. ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತಿಗೆಗೆ ಇದು ವಿಚಿತ್ರವೆನಿಸಿತ್ತು. ಈಗ ಕಣ್ಣಿಗೇ ಬೀಳುತ್ತಿರಲಿಲ್ಲ.

"ಅತ್ತೆ, ನಿಮಗೆ ಅವನ ಮೇಲೆ ಗುಮಾನಿ ಯಾಕೆ?"

"ಯಾಕೆ ಅಂದ್ರೆ? ಓವನ್ ಬಂತು, ಕಾರು ಸೊರಗ್ತು. ಅಷ್ಟು ದೊಡ್ಡ ಓವನ್ ಏನು ಗಾಳಿ ಕುಡಿದು ಉರಿಯುತ್ತಾ? ಪಕ್ಕದಲ್ಲಿ ಒಬ್ಬ ನಲ್ಲಿ ತಿರುಗಿಸಿದ್ರೆ ನಮ್ಮ ನಲ್ಲೀಲಿ ನೀರು ಸಣ್ಣ ಆಗಲ್ವಾ?"

"ಅವನಿಗೆ ಬೇರೆ ಮೀಟರ್ ಇದೆಯಲ್ಲ?"

"ಇದೆ. ಮೀಟರ್ ಇದ್ದೋರು ಕದಿಯಲ್ವಾ? ನೀನೇ ಹೇಳ್ತಿರ್ತೀಯ, ಕೋಟ್ಯಧಿಪತಿಗಳೇ ಗೋದಾಮಿಗೆ ಬೆಂಕಿ ಹಚ್ಚಿಕೊಳ್ತಾರೆ ಅಂತ."

ಅತ್ತಿಗೆ ಬೆರಳಲ್ಲಿ ಲೋಟ ತಿರುಗಿಸಿದಳು. "ಸರಿ. ಅವನನ್ನೂ ಕೇಳೋಣ."

ಬ್ರೆಡ್ಡಿನವನು ಬಾಗಿಲು ತೆರೆದಾಗ ಮೊಣಕೈವರೆಗೂ ಹಿಟ್ಟಾಗಿತ್ತು. ಅತ್ತಿಗೆ, ಅವಳ ಹಿಂದೆ ಪುಟ್ಟಿ, ಅವಳ ಹಿಂದೆ ಪೊಲೀಸಿನವನಂತೆ ಎದೆ ಸೆಟೆಸಿದ ಅಣ್ಣ. ಅವನ ಮುಖ ಕೆಂಪಾಯಿತು.

"ನೋಡು," ಅಣ್ಣ ಪಿಸುಗುಟ್ಟಿದ, "ಕುಂಬಳಕಾಯಿ ಕಳ್ಳ ಅನ್ನೋ ಮೊದಲೇ ಹೆಗಲು ಮುಟ್ಟಿ ನೋಡ್ಕೊಂಡ."

"ಓವನ್ ಮುಂದೆ ನಿಂತೋರ ಮುಖ ಕೆಂಪಾಗದೆ ಇನ್ನೇನಾಗುತ್ತೆ?" ಅತ್ತಿಗೆಯೂ ಪಿಸುದನಿಯಲ್ಲೇ ಉತ್ತರಿಸಿದಳು. ಆಮೇಲೆ ಗಟ್ಟಿಯಾಗಿ, "ಒಂದೆರಡು ವಿಷಯ ಕೇಳಬಹುದಾ?"

"ಕೇಳಿ ಮೇಡಮ್. ಗೊತ್ತು, ಯಾವ ವಿಷಯ ಅಂತ." ಅವನು ಕೈ ಒರೆಸಿಕೊಂಡ. "ಗೋಡೆ ತೆಳು. ಕಿವಿಗೆ ಬೀಳುತ್ತೆ. ನಿನ್ನೆಯೇ ಹೆಂಡತಿಗೆ ಹೇಳಿದೆ, ಸಾಮಾನು ಬಿಚ್ಚಿ ಜೋಡಿಸೋ ಕೆಲಸ ಅರ್ಧಕ್ಕೇ ನಿಲ್ಲಿಸು, ಮತ್ತೆ ಕಟ್ಟಬೇಕಾಗಬಹುದು ಅಂತ. ಅವಳು ಬೇಜಾರು ಮಾಡ್ಕೊಂಡು ತಾಯಿ ಮನೆಗೆ ಹೋಗಿದಾಳೆ."

ಗೋಡೆಯ ಪಕ್ಕ ಎರಡು ಪೆಟ್ಟಿಗೆಗಳು ಬಿಚ್ಚದೆ ಕುಳಿತಿದ್ದವು. ಪುಟ್ಟಿ ನೋಟ ತಗ್ಗಿಸಿದಳು.

"ನಾವು ಶೆಡ್ಡಿಗೆ ಬರೋದು ನಿಮಗೆ ಕಾಣುತ್ತಾ?"

"ಕಾಣುತ್ತೆ. ಸಾಹೇಬ್ರು ಒಂದಿನ ಚಡ್ಡಿಯಲ್ಲಿ ಟಾರ್ಚ್ ಹಿಡ್ಕೊಂಡು ಬಂದಿದ್ರು."

ಅಣ್ಣ ಕೆಮ್ಮಿದ.

"ಓವನ್ ಈಗ ಉರೀತಿದೆಯಾ?"

"ಪೂರ್ತಿ ಉರೀತಿದೆ."

"ಹಾಗೇ ಇರಲಿ. ಆರಿಸಬೇಡಿ."

ಮೂವರೂ ಕೆಳಗಿಳಿದು ಬಾಗಿಲಿಲ್ಲದ ಶೆಡ್ಡಿಗೆ ಹೋದರು. ಗೋಡೆಯ ಮೇಲೆ ಚಾರ್ಜರ್ ಪೆಟ್ಟಿಗೆ. ಅದಕ್ಕೂ ಅಮ್ಮನ ಗವಸು: ಹೊರಗೆ ನೀಲಿ ರೆಕ್ಸಿನ್, ಒಳಗೆ ಹಳೆಯ ರಗ್ಗಿನ ಮೆತ್ತೆ, ತಳದಲ್ಲಿ ಕೇಬಲ್ಲಿಗೆ ಮಾತ್ರ ಬಿಟ್ಟ ಬಾಯಿ, ಆ ಬಾಯಿಗೊಂದು ಎಲಾಸ್ಟಿಕ್. ದೀಪಗಳು ಕಾಣಲಿ ಎಂದು ಅತ್ತಿಗೆ ಗವಸು ತೆಗೆದು ಕಾರಿನ ಬಾನೆಟ್ಟಿನ ಮೇಲೆ ಎಸೆದಳು. ಕೇಬಲ್ಲನ್ನು ಕಾರಿಗೆ ಚುಚ್ಚಿದಳು. ಪುಟ್ಟಿಯ ಫೋನಿನಲ್ಲಿ ಅಂಕಿ ಏರಿ ಏಳು ಕಿಲೋವ್ಯಾಟಿಗೆ ನಿಂತಿತು. ಅದು ಪೂರ್ತಿ ವೇಗ.

ಅತ್ತಿಗೆ ಚೀಲದಿಂದ ಮೀಟರ್ ತೆಗೆದು ವೋಲ್ಟೇಜ್ ನೋಡಿದಳು. ಮೇಲಕ್ಕೆ ಕೂಗಿದಳು: "ಒಂದು ಸಲ ಆರಿಸಿ!" ಸ್ವಲ್ಪ ತಡೆದು, "ಹಾಕಿ!"

ವೋಲ್ಟೇಜ್ ಕೂದಲೆಳೆಯಷ್ಟು ಅಲ್ಲಾಡಿತು. ಏಳು ಏಳಾಗಿಯೇ ಉಳಿಯಿತು.

"ಓವನ್ ಪೂರ್ತಿ ಉರಿದ್ರೂ ಕಾರಿಗೆ ಏನೂ ಆಗ್ತಿಲ್ಲ," ಎಂದಳು.

"ಈಗ ಅವನು ನ್ಯಾಯವಾಗಿ ತನ್ನ ಮೀಟರಲ್ಲಿ ಉರಿಸ್ತಿದಾನೆ!" ಅಣ್ಣ ಪಟ್ಟು ಬಿಡಲಿಲ್ಲ. "ನಾವು ಇಲ್ಲಿ ನಿಂತಿರೋವಾಗ ಕದಿಯೋಕೆ ಅವನೇನು ಹುಚ್ಚನಾ?"

"ಸರಿ ರೀ. ಹಾಗಾದ್ರೆ ನಾವು ಇಲ್ಲಿ ನಿಲ್ಲೋದು ಬೇಡ. ಅವನೂ ಮೇಲಿರೋದು ಬೇಡ. ಓವನ್ ಆರಿಸೋಕೆ ಹೇಳಿ, ಮನೆಗೆ ಬೀಗ ಹಾಕಿಸಿ, ಬೀಗದ ಕೈ ನೀವೇ ಇಟ್ಕೊಳ್ಳಿ. ಎಲ್ಲರೂ ನಡುಮನೇಲಿ ಕೂತು ಚಹಾ ಕುಡಿಯೋಣ. ಕಾರು ಒಂಟಿಯಾಗಿರಲಿ."

ಅಂಥ ಬಿಗುವಿನ ಚಹಾವನ್ನು ಆ ಮನೆಯಲ್ಲಿ ಹಿಂದೆ ಯಾರೂ ಕುಡಿದಿರಲಿಲ್ಲ. ಬ್ರೆಡ್ಡಿನವನು ಸೋಫಾದ ತುದಿಯಲ್ಲಿ, ಅಲ್ಲಿ ಕೂತಿದ್ದಕ್ಕೂ ಕ್ಷಮೆ ಕೇಳುವವನಂತೆ ಕೂತಿದ್ದ. ಅಣ್ಣ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಅಮ್ಮ ಬ್ರೆಡ್ಡಿನವನಿಗೂ ಲೋಟ ಕೊಟ್ಟಳು, ಮುಖ ಮಾತ್ರ ನೋಡಲಿಲ್ಲ. ಅಡುಗೆಮನೆಗೆ ಹೋದಳು, ಹಿತ್ತಲ ಬಾಗಿಲು ಕಿರುಗುಟ್ಟಿತು, ಮತ್ತೆ ಬಂದು ಕುಳಿತಳು. ಫೋನು ಮೇಜಿನ ನಡುವೆ ಇತ್ತು.

ಏಳು.

"ಎಲ್ಲಿ ಕಲಿತಿರಿ ಬ್ರೆಡ್ ಮಾಡೋದು?" ಅತ್ತಿಗೆ ಕೇಳಿದಳು.

"ಹಡಗಿನ ಅಡುಗೆಮನೇಲಿದ್ದೆ ಮೇಡಮ್. ನೆಲ ಅಲ್ಲಾಡದ ಜಾಗದಲ್ಲಿ ಹಿಟ್ಟು ಕಲಸಬೇಕು ಅಂತ ಆಸೆ ಇತ್ತು."

ಯಾರೂ ನಗಲಿಲ್ಲ. ಅವನೊಬ್ಬನೇ ನಕ್ಕು, ಲೋಟ ತುಟಿಗಿಟ್ಟ.

ಆರೂಮುಕ್ಕಾಲು.

ಪುಟ್ಟಿ ಮುಂದೆ ಬಾಗಿದಳು. "ಅತ್ತಿಗೆ—"

"ಶ್! ನೋಡ್ತಿರು."

ಆರೂಕಾಲು. ಐದೂವರೆ. ಅಂಕಿ ಒಮ್ಮೆಲೇ ಬೀಳಲಿಲ್ಲ. ಜಾರುಬಂಡೆಯ ಮೇಲೆ ಕೂತ ಮಗುವಿನಂತೆ ನಿಧಾನವಾಗಿ ಇಳಿಯಿತು. ನಾಲ್ಕು. ಮೂರು. ಎರಡೂವರೆಗೆ ಬಂದು ನಿಂತಿತು.

ಕಳ್ಳತನ ನಡೆದೇಹೋಗಿತ್ತು. ಕಳ್ಳನೆನಿಸಿಕೊಂಡವನು ಎಲ್ಲರೆದುರು ಚಹಾ ಕುಡಿಯುತ್ತಿದ್ದ.

ಅಣ್ಣ ಮುಷ್ಟಿ ಬಿಚ್ಚಿ ಬೀಗದ ಕೈ ನೋಡಿದ. ಅದು ಅಲ್ಲೇ ಇತ್ತು. "ಅವನ ಹೆಂಡತಿ—"

"ತಾಯಿ ಮನೇಲಿದಾಳೆ."

"ಮತ್ತೆ ಯಾರು?"

ಅತ್ತಿಗೆ ಲೋಟ ಕೆಳಗಿಟ್ಟಳು. "ನಾವು ಇಲ್ಲಿ ಕೂತಾಗಿಂದ ಈ ಕೋಣೆಯಿಂದ ಹೊರಗೆ ಹೋಗಿ ಬಂದವರು ಒಬ್ಬರೇ."

ಎಲ್ಲರ ಕಣ್ಣೂ ಅಮ್ಮನ ಕಡೆ ತಿರುಗಿದವು.

"ನಾನಾ?" ಅಮ್ಮನ ಧ್ವನಿ ಏರಿತು. "ನನ್ನ ಮಗಳ ಕಾರಿನ ಕರೆಂಟ್ ನಾನು ಕದೀತೀನಾ? ಕದ್ದು ಏನು ಮಾಡ್ಲಿ, ಸೆರಗಲ್ಲಿ ಕಟ್ಕೊಳ್ಲಾ?"

"ಹಿತ್ತಲ ಬಾಗಿಲಿಂದ ಹೊರಗೆ ಹೋಗಿ ಏನು ಮಾಡಿದ್ರಿ, ಅತ್ತೆ?"

"ಏನೂ ಮಾಡ್ಲಿಲ್ಲ! ಗವಸು ಹಾಕಿ ಬಂದೆ. ನೀವೆಲ್ಲ ದೊಡ್ಡ ಓದು ಓದಿದೋರು, ತೆಗೆದು ಎಲ್ಲೆಂದರಲ್ಲಿ ಬಿಸಾಕಿ ಬರ್ತೀರಿ. ಹಿಂದಿಂದ ಹಾಕ್ತಾ ಹೋಗೋದೇ ನನ್ನ ಕೆಲಸ."

ಅತ್ತಿಗೆ ಎದ್ದು ನಿಂತಳು. "ಬನ್ನಿ. ಆರೋಪಿಯನ್ನ ಮುಟ್ಟಿ ನೋಡೋಣ."

ಗವಸಿನೊಳಗೆ ಮೊದಲು ಕೈ ಹಾಕಿದ್ದು ಅಣ್ಣ. "ಅಯ್ಯಪ್ಪಾ!" ಎಂದು ಬೆರಳು ಹಿಂದೆಳೆದುಕೊಂಡ. ಪೆಟ್ಟಿಗೆ ಬಿಸಿ ಪಾತ್ರೆಯಂತೆ ಕಾದಿತ್ತು. ಅತ್ತಿಗೆ ಗವಸು ಬಿಚ್ಚಿ ಪುಟ್ಟಿಯ ಕೈಗೆ ಕೊಟ್ಟಳು. ಎಲ್ಲರೂ ಫೋನ್ ನೋಡುತ್ತ ನಿಂತರು. ಸಂಜೆಗಾಳಿ ಬೀಸಿತು. ಎರಡೂವರೆ, ಮೂರು, ಮೂರೂವರೆ... ಅಂಕಿ ಇಳಿದಷ್ಟೇ ನಿಧಾನವಾಗಿ ಮತ್ತೆ ಏರತೊಡಗಿತು.

"ಕರೆಂಟ್ ಹರಿದ್ರೆ ಪೆಟ್ಟಿಗೆ ಬೆಚ್ಚಗಾಗುತ್ತೆ," ಅತ್ತಿಗೆ ಹೇಳಿದಳು. "ಆ ಬಿಸಿ ಗಾಳಿಗೆ ಆರಬೇಕು. ರಗ್ಗು ಹೊದಿಸಿದ್ರೆ ಎಲ್ಲಿಗೆ ಹೋಗುತ್ತೆ? ಒಳಗೇ ಕೂಡಿಕೊಳ್ಳುತ್ತೆ. ಪೆಟ್ಟಿಗೇಲಿ ಒಂದು ಎಚ್ಚರಿಕೆ ಇಟ್ಟಿರ್ತಾರೆ. ಮೈ ತೀರಾ ಬಿಸಿ ಆದ್ರೆ ಅದು ಕಾರಿಗೆ ಹೇಳುತ್ತೆ, ಸ್ವಲ್ಪ ನಿಧಾನ ಕುಡಿ ಮಾರಾಯ, ನನ್ನ ಕೈಲಾಗ್ತಿಲ್ಲ ಅಂತ. ಕೆಟ್ಟಿಲ್ಲ ಅದು. ಸುಟ್ಟುಹೋಗದ ಹಾಗೆ ತನ್ನನ್ನ ತಾನೇ ಕಾಪಾಡಿಕೊಳ್ತಿದೆ. ನಾನು ನೋಡೋ ಗೋದಾಮುಗಳಿಗೆ ಇಷ್ಟು ಬುದ್ಧಿ ಇದ್ದಿದ್ರೆ ನನಗೆ ಕೆಲಸವೇ ಇರ್ತಿರಲಿಲ್ಲ."

"ಆದ್ರೆ ನಾವು ಬಂದಾಗ ಮಾತ್ರ ಯಾಕೆ ಸರಿಹೋಗ್ತಿತ್ತು?" ಅಣ್ಣ ಬೆರಳು ಊದಿಕೊಳ್ಳುತ್ತ ಕೇಳಿದ.

"ಬಂದ ತಕ್ಷಣ ನೀವು ಮೊದಲು ಏನು ಮಾಡ್ತಿದ್ರಿ?"

"ಏನು ಮಾಡ್ತೀನಿ? ಗವಸು ತೆಗೆದು ದೀಪ—" ಅಣ್ಣನ ಬಾಯಿ ತೆರೆದೇ ಉಳಿಯಿತು.

"ಪುಟ್ಟಿ ತೆಗೆದಳು. ಎಲೆಕ್ಟ್ರಿಷಿಯನ್ ತೆಗೆದ. ಇವತ್ತು ನಾನೂ ತೆಗೆದೆ. ಅಪರಾಧ ನೋಡೋಕೆ ಬಂದವರೆಲ್ಲ ನೋಡೋ ಮೊದಲೇ ಅಪರಾಧಿಯನ್ನ ಕೈಯಾರೆ ಬಿಡುಗಡೆ ಮಾಡಿದ್ವಿ. ನಾವು ಹೋದಮೇಲೆ ಅತ್ತೆ ಮತ್ತೆ ತಂದು ಕೂರಿಸ್ತಿದ್ರು. ಈ ಮನೇಲಿ ಯಾವುದಕ್ಕೆ ಗವಸಿಲ್ಲ ಹೇಳಿ? ಅದಕ್ಕೇ ಅದು ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಕಣ್ಣಿಗೂ."

ಪುಟ್ಟಿ ಗವಸನ್ನು ತಿರುಗಿಸಿ ನೋಡಿದಳು. ಹೊಲಿಗೆ ಅಚ್ಚುಕಟ್ಟಾಗಿತ್ತು. "ಮತ್ತೆ ನಿಮಗೆ ಯಾವಾಗ ಅನುಮಾನ ಬಂತು?"

"ಅಂಕಿ ಜಾರಿದಾಗ. ಕಳ್ಳ ವೈರು ಸಿಕ್ಕಿಸಿದ್ರೆ ಏನೇ ವ್ಯತ್ಯಾಸ ಆದ್ರೂ ಒಂದೇ ಏಟಿಗೆ ಆಗಬೇಕು. ಕಿತ್ತರೂ ಒಂದೇ ಏಟಿಗೆ. ಇದು ನಿಧಾನ ಇಳೀತು. ಹಾಗೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯೋದು ಬಿಸಿ. ಇನ್ನೊಂದು, ಇದು ನಲ್ಲಿ ನೀರಲ್ಲ ಅತ್ತೆ. ಅವನು ಕದ್ದಿದ್ರೆ ನಮ್ಮ ಮೀಟರ್ ಜೋರಾಗಿ ಓಡಬೇಕಿತ್ತು, ಕಾರು ಸೊರಗಬೇಕಾಗಿರಲಿಲ್ಲ. ಎತ್ತಿಗೆ ಜ್ವರ ಬಂದಿದೆ, ನಾವು ಎಮ್ಮೆಗೆ ಬರೆ ಹಾಕೋಕೆ ಹೊರಟಿದ್ವಿ."

"ಆದ್ರೂ," ಅಮ್ಮ ಮೆಲ್ಲನೆ ಹೇಳಿದಳು, "ಓವನ್ ಬಂದ ಮೇಲೇ ಶುರುವಾಗಿದ್ದು. ಅದು ಸುಳ್ಳಲ್ಲ."

"ಸುಳ್ಳಲ್ಲ. ಅದಕ್ಕೂ ಇದಕ್ಕೂ ನಂಟಿದೆ. ಈ ಗವಸು ಯಾವಾಗ ಹೊಲಿದಿರಿ?"

ಅಮ್ಮ ತಲೆ ಎತ್ತಿ ಮಹಡಿಯಂಚಿನ ಕಂಬಿಗಳನ್ನು ನೋಡಿದಳು. "ಓವನ್ ಬಂದಮೇಲೆ ಇವನ ವ್ಯಾಪಾರ ಜಾಸ್ತಿ ಆಯ್ತು. ದಿನಾ ಅಲ್ಲಿಂದ ಹಿಟ್ಟಿನ ಚೀಲ ಕೊಡವ್ತಾನೆ. ಎಲ್ಲಾ ಬಂದು ಪೆಟ್ಟಿಗೆ ಮೇಲೆ ಕೂರ್ತಿತ್ತು. ಅಷ್ಟು ದುಬಾರಿ ವಸ್ತು, ಹಾಳಾದ್ರೆ ಅಂತ..."

ಆ ಪೆಟ್ಟಿಗೆ ಮಳೆಗೂ ಧೂಳಿಗೂ ಅಂಜದಂತೆ ಮಾಡಿದ್ದೆಂದು ಅತ್ತಿಗೆ ಹೇಳಬಹುದಿತ್ತು. ಹೇಳಲಿಲ್ಲ. ಬ್ರೆಡ್ಡಿನವನು ಮಾತ್ರ ಗಾಬರಿಯಿಂದ, "ಕೆಳಗೆ ಬೀಳ್ತಿತ್ತಾ? ನನಗೆ ಗೊತ್ತೇ ಇರಲಿಲ್ಲ" ಎಂದ. ಅಣ್ಣ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು, ಏನೋ ಹೇಳಲು ಹೋಗಿ, "ಚಹಾ ಆರಿಹೋಗಿತ್ತು ಅನ್ಸುತ್ತೆ" ಎಂದಷ್ಟೇ ಹೇಳಿ ಒಳಗೆ ಹೋದ. ಬ್ರೆಡ್ಡಿನವನು ತಲೆಯಾಡಿಸಿ ಮೆಟ್ಟಿಲು ಹತ್ತಿದ.

ಫೋನು ಏಳು ತೋರಿಸುತ್ತಿತ್ತು. ಪುಟ್ಟಿ ಅಜ್ಜನಿಗೆ ಕರೆ ಮಾಡಿದಳು. "ನಾಳೆ ಬೆಳಿಗ್ಗೆ ಬರ್ತೀನಿ. ಹ್ಞೂಂ, ಖಂಡಿತ. ಎದ್ದು ಕೋಲು ಹುಡುಕಿಟ್ಕೊಳ್ಳಿ." ಈ ಸಲ "ಖಂಡಿತ" ಎನ್ನುವಾಗ ಅವಳಿಗೆ ಅಳುಕಿರಲಿಲ್ಲ.

ಫೋನ್ ಇಟ್ಟು ತಿರುಗಿದರೆ ಅಮ್ಮ ಅಲ್ಲಿರಲಿಲ್ಲ. ಮಂಡಿನೋವಿಗೆ ಮೆಟ್ಟಿಲನ್ನೇ ಬಿಟ್ಟಿದ್ದ ಅಮ್ಮ, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. ಪುಟ್ಟಿ ಹಿಂದೆ ಹೋಗಹೊರಟಳು. ಅತ್ತಿಗೆ ತೋಳು ಹಿಡಿದು ತಡೆದಳು.

ಮೇಲೆ ಬಾಗಿಲು ತೆರೆದೇ ಇತ್ತು. ಬ್ರೆಡ್ಡಿನವನು ಆರಿದ ಓವನ್ನಿನ ಮುಂದೆ ಸುಮ್ಮನೆ ನಿಂತಿದ್ದ.

"ಯಾಕೆ ಹಚ್ಚಿಲ್ಲ?" ಅಮ್ಮ ಏದುಸಿರು ಬಿಡುತ್ತ ಕೇಳಿದಳು.

"ಹಚ್ಚಬಹುದಾ ಅಮ್ಮ?"

ಅಮ್ಮ ಬಾಗಿಲ ಚೌಕಟ್ಟಿಗೆ ಕೈ ಊರಿದಳು. "ನಾನು ಅಂದಿದ್ದೆಲ್ಲ ಗೋಡೆಯಿಂದ ಕೇಳಿಸ್ತು ಅಂದೆಯಲ್ಲ," ಎಂದಳು. "ಇದನ್ನ ಎದುರಿಗೆ ಹೇಳೋಣ ಅಂತ ಬಂದೆ. ನಾನು ಅಂದಿದ್ದು ತಪ್ಪು ಕಣಯ್ಯ."

ಅವನು ನೆಲ ನೋಡಿದ. "ಬಿಡಿ ಅಮ್ಮ."

"ಬಿಡೋದೇನು? ಹೆಂಡತಿಗೆ ಫೋನ್ ಮಾಡು. ಬಂದು ಪೆಟ್ಟಿಗೆ ಬಿಚ್ಚಲಿ. ಮತ್ತೆ ಆ ಚೀಲ—ಮುಂದುಗಡೆ ಕೊಡವಬೇಡ. ಹಿಂದುಗಡೆ ಕೊಡವು."

"ಹಿಂದುಗಡೆ ನಿಮ್ಮ ಬಟ್ಟೆ ಒಣಗ್ತಿರುತ್ತಲ್ಲ?"

"ಹೌದಲ್ಲ." ಅಮ್ಮ ಯೋಚಿಸಿದಳು. "ಆ ಪಕ್ಕ?"

"ಆ ಪಕ್ಕ ನಿಮ್ಮ ಅಡುಗೆಮನೆ ಕಿಟಕಿ."

"ಈ ಪಕ್ಕ?"

"ಪಕ್ಕದ ಮನೆಯವರು ಜಗಳಕ್ಕೆ ಬರ್ತಾರೆ."

ಅಮ್ಮ ಅವನ ಹೊಸ್ತಿಲ ಮೇಲೆ ಮೆಲ್ಲನೆ ಕುಳಿತು, ಮಂಡಿ ನೀವಿಕೊಂಡಳು. "ಹಾಗಾದ್ರೆ ನೀನು ಮೊದಲು ಓವನ್ ಹಚ್ಚು. ಅದು ಕಾಯೋಷ್ಟರಲ್ಲಿ ಇಬ್ಬರೂ ಕೂತು ಏನಾದ್ರೂ ಯೋಚನೆ ಮಾಡೋಣ."